ಗುಡುಗು ಬ್ರದರ್ಸ್ ಕಲಿಸಿದ ವ್ಯಾಪಾರ

ನಮ್ಮೂರಲ್ಲಿ ಬೋರ್ಡು ಬರೆಯುವವನಿಗೆ ಕೆಲಸಕ್ಕೆ ಬರವಿಲ್ಲ. ಕಾರಣ ಇಷ್ಟೇ, ನಮ್ಮೂರಲ್ಲಿ ಹುಟ್ಟಿದವರು ಸುಳ್ಳು ಹೇಳಿದರೆ ದನಿ ಬರುವುದಿಲ್ಲ. ತುಟಿ ಆಡುತ್ತದೆ, ಕೈ ಆಡುತ್ತದೆ, ಹುಬ್ಬು ಮೇಲೆ ಕೆಳಗೆ ಹೋಗುತ್ತದೆ, ಸದ್ದು ಮಾತ್ರ ಇಲ್ಲ. ಮಾವಿನಹಣ್ಣಿನವಳು ಬುಟ್ಟಿ ಇಳಿಸಿ 'ಸಕ್ಕರೆ ಕಣಣ್ಣಾ, ಸಕ್ಕರೆ' ಅನ್ನುತ್ತಾಳೆ. ಕೇಳಿಸಿದರೆ ಕೊಳ್ಳುತ್ತೇವೆ, ಕೇಳಿಸದಿದ್ದರೆ ಮುಂದಿನ ಗಾಡಿಗೆ ಹೋಗುತ್ತೇವೆ, ಅವಳಿಗೂ ಬೇಜಾರಿಲ್ಲ. ನೆಂಟರು ಎಲೆಯ ಮೇಲೆ ಕೈ ಅಡ್ಡ ಹಿಡಿದು 'ಸಾಕು, ಸಾಕು' ಎಂದು ಬಾಯಿ ಆಡಿಸಿದರೆ, ಸದ್ದು ಬರುವವರೆಗೂ ಹೋಳಿಗೆ ಬೀಳುತ್ತಲೇ ಇರುತ್ತದೆ. ಹೆಣ್ಣು ತೋರಿಸುವ ದಿನ ಹೊರಗೂರಿನ ಬ್ರೋಕರನ್ನೇ ಕರೆಸಬೇಕು, ನಮ್ಮವರಿಂದ ಆಗುವ ಕೆಲಸವಲ್ಲ ಅದು. ಊರು ಬಿಟ್ಟು ಎಷ್ಟು ಹೊಳೆ ದಾಟಿ ಹೋದರೂ ಇದು ನಮ್ಮನ್ನು ಬಿಡುವುದಿಲ್ಲ.

ಬಾಯಲ್ಲಿ ಹೇಳಲಾಗದ್ದನ್ನು ಗೋಡೆಯ ಮೇಲೆ ಬರೆಸಬಹುದಲ್ಲ, ಅಲ್ಲಿಗೆ ಬರುವವನು ನಾನು. 'ಊರಿಗೇ ನಂಬರ್ ಒನ್ ಟೀ' ಎಂದು ಒಂದೇ ಬೀದಿಯಲ್ಲಿ ನಾಲ್ಕು ಅಂಗಡಿಗೆ ಬರೆದುಕೊಟ್ಟಿದ್ದೇನೆ. ಹಾಗಾಗಿ ನಮ್ಮೂರಲ್ಲಿ ಬರೆದದ್ದನ್ನು ಯಾರೂ ನಂಬುವುದಿಲ್ಲ. ಪ್ರೇಮಪತ್ರ ಕೊಟ್ಟರೆ ಹುಡುಗಿಯರು ಬಿಚ್ಚಿಯೂ ನೋಡದೆ 'ಬಂದು ಬಾಯಲ್ಲಿ ಹೇಳು' ಎಂದು ವಾಪಸ್ ಕೊಡುತ್ತಾರೆ. ಇನ್ನೊಂದು ಪದ್ಧತಿಯಿದೆ. ನೆಗಡಿಯಾಗಿ ದನಿ ಕಟ್ಟಿದರೆ ನಮ್ಮವರು ಮನೆ ಬಿಟ್ಟು ಆಚೆ ಬರುವುದಿಲ್ಲ. ಬಂದರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಸುಳ್ಳ ಅನ್ನಿಸಿಕೊಳ್ಳಬೇಕಲ್ಲ! ಕದ್ದುಮುಚ್ಚಿ ಕಷಾಯ ಕುಡಿದು, ಹುಷಾರಾದ ಮೇಲೆ ಏನೂ ಆಗದವರ ಹಾಗೆ ಓಡಾಡುತ್ತಾರೆ. ಆದ್ದರಿಂದ ಯಾರ ದನಿಯಾದರೂ ನಿಂತರೆ ನಾವು ನೋಡುವುದು ಅವರ ಮನಸ್ಸನ್ನು, ಗಂಟಲನ್ನಲ್ಲ.

ನನ್ನ ಹೆಸರು ತಿಪ್ಪೇಶಿ. ಅರವತ್ತಾಯಿತು. ಹೋದ ತಿಂಗಳು ಭೂಮಿಕಾ ಅನ್ನುವ ಹುಡುಗಿ ನನ್ನ ಅಂಗಡಿಗೆ ಬಂದಳು. ಗೆಳತಿಯೊಬ್ಬಳ ಜೊತೆ ಸೇರಿ ಸ್ಕೂಲ್ ಬ್ಯಾಗ್ ಹೊಲಿಸಿ ಮಾರುತ್ತಾಳೆ, ಹೊಸ ಉದ್ಯಮಿಗಳ ಸಂಘಕ್ಕೆ ಕಾರ್ಯದರ್ಶಿ. "ಅಂಕಲ್, ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ನೀವು ಮಾತಾಡ್ಬೇಕು" ಅಂದಳು. "ಬೋರ್ಡು ಬರೆಯೋದರ ಬಗ್ಗೇನಾ?" ಅಂದೆ. "ಅಯ್ಯೋ, ಅಲ್ಲ ಅಂಕಲ್! ಗುಡುಗು ಬ್ರದರ್ಸ್ ಬಗ್ಗೆ. ರಾಕ್ ಬ್ಯಾಂಡಿನಿಂದ ಉದ್ಯಮಿಗಳು ಕಲಿಯಬೇಕಾದ ಏಳು ಪಾಠಗಳು. ನಮ್ಮಮ್ಮನ ಹತ್ರ ನಿಮ್ಮ ಕ್ಯಾಸೆಟ್ ಇತ್ತು, ಅದನ್ನ ಕೇಳ್ಕೊಂಡೇ ಬೆಳೆದೋಳು ನಾನು." ಅವಳ ಮಾತು ಗಂಟೆ ಹೊಡೆದಂತೆ ಕೇಳಿಸಿತು, ಹಾಗಾಗಿ ನಾನು ಅಲ್ಲೇ ಉಬ್ಬಿಹೋದೆ. "ಏಳೇ ಯಾಕಮ್ಮ?" ಎಂದು ಕೇಳಿದೆ. "ಏಳು ಅಂದ್ರೆ ಜನ ಬರ್ತಾರೆ ಅಂಕಲ್" ಅಂದಳು. ಏಳು ಪಾಠಗಳನ್ನೂ ಅವಳೇ ಬರೆದು ತಂದಿದ್ದಳು. ನಾನು ವೇದಿಕೆ ಹತ್ತಿ ಓದಿ, ಮಧ್ಯೆ ಮಧ್ಯೆ ಹಳೆಯ ಕಥೆ ಸೇರಿಸಿದರೆ ಸಾಕಿತ್ತು.

ಆರನೇ ಪಾಠದ ಮೇಲೆ ಕಣ್ಣಾಡಿಸಿ ಕಾಗದ ಮಡಿಸಿಟ್ಟೆ. ಅದು ದೊರೆಸಾಮಿಯ ವಿಷಯ. ಅವನನ್ನು ನಾನು ಬ್ಯಾಂಡಿನಿಂದ ಬಿಡಿಸಿ ಮೂವತ್ತೊಂದು ವರ್ಷವಾಗಿದೆ. ಮಾಡಿದ್ದು ಸರಿ ಎಂದು ಅಷ್ಟೂ ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ, ಆದರೆ ಮನಸ್ಸಿನೊಳಗೇ. ಒಂದು ದಿನವೂ ಬಾಯಿಬಿಟ್ಟು ಹೇಳಿ ನೋಡಿರಲಿಲ್ಲ.

ಗುಡುಗು ಬ್ರದರ್ಸ್ ಅಂದರೆ ನಾಲ್ಕು ಜನ, ಯಾರಿಗೂ ಯಾರೂ ಅಣ್ಣತಮ್ಮ ಅಲ್ಲ. ಹಾಡುವವನು ದೊರೆ, ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಹೊರುತ್ತಿದ್ದವನ ಮಗ. ಡ್ರಮ್ಸು ಖಲಂದರ್‌ದು. ಕೀಬೋರ್ಡು ಫ್ಲೋರಿಯದು, ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವಳು. ಗಿಟಾರು ಮತ್ತು ಹಾಡಿನ ಮಾತು ನನ್ನದು. ರಾಕ್ ಬ್ಯಾಂಡ್ ಅಂದಾಗ ಊರವರು ಮದುವೆ ಮೆರವಣಿಗೆಗೆ ಬರುತ್ತೀರಾ ಎಂದು ಕೇಳಿದ್ದರು. ಅದಿರಲಿ, ಶುರುವಿನಲ್ಲಿ ನಮ್ಮ ಹೆಸರನ್ನು ಬಾಯಲ್ಲಿ ಹೇಳುವುದಕ್ಕೇ ಆಗುತ್ತಿರಲಿಲ್ಲ. ಮೈಕಿನವನು 'ಗುಡುಗು' ಅನ್ನುತ್ತಿದ್ದ, ಆಮೇಲೆ ಅವನ ಬಾಯಿ ಸುಮ್ಮನೆ ಆಡುತ್ತಿತ್ತು. ಬ್ರದರ್ಸೇ ಅಲ್ಲವಲ್ಲ ನಾವು, ಅದರಲ್ಲೂ ಒಬ್ಬಳು ಹೆಣ್ಣು! ಎರಡನೇ ವರ್ಷ ಒಂದು ಮಧ್ಯಾಹ್ನ ಖಲಂದರ್ ಡ್ರಮ್ಸಿನ ಹಿಂದಿನಿಂದ ತಮಾಷೆಗೆ "ಏನ್ರೋ ಗುಡುಗು ಬ್ರದರ್ಸ್, ಟೀ ಕುಡಿಯೋಣ್ವಾ?" ಅಂದ. ಪೂರ್ತಿ ಕೇಳಿಸಿತು. ನಾಲ್ವರೂ ಮುಖ ಮುಖ ನೋಡಿಕೊಂಡೆವು. ಫ್ಲೋರಿ ಜೋರಾಗಿ ಅತ್ತುಬಿಟ್ಟಳು, ದೊರೆ ಅವಳ ಬೆನ್ನಿಗೆ ಗುದ್ದಿ ಗುದ್ದಿ ತಾನೂ ಅತ್ತ. ಅವತ್ತು ಕುಡಿದ ಟೀ ಎಂಥ ಕಲಗಚ್ಚಾಗಿತ್ತು ಅನ್ನುವುದೂ ನನಗೆ ನೆನಪಿದೆ.

ನಾವು ಅಭ್ಯಾಸ ಮಾಡುತ್ತಿದ್ದದ್ದು ಐಸ್ ಫ್ಯಾಕ್ಟರಿಯ ಹಿಂದಿನ ಶೆಡ್ಡಿನಲ್ಲಿ. ದಿನಾ ಎರಡೂವರೆಗೆ. ಕಂಪ್ರೆಸರ್ ಹೊಡೆದುಕೊಳ್ಳುವ ಸದ್ದಿನಲ್ಲಿ ನಮ್ಮ ಗಲಾಟೆಯಿಂದ ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಹೊಸ ಹಾಡು ಕಟ್ಟಿದರೆ ಮೊದಲು ಅಲ್ಲಿನ ಹಮಾಲರಿಗೆ ಕೇಳಿಸಬೇಕು, ಅದು ದೊರೆ ಮಾಡಿದ್ದ ಕಾನೂನು. ಅವರು ಒದ್ದೆ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಸಾಲಾಗಿ ನಿಂತು ಕೇಳುತ್ತಿದ್ದರು. ಮುಗಿದ ಮೇಲೆ ಒಬ್ಬೊಬ್ಬರೂ 'ಚೆನ್ನಾಗದೆ' ಅನ್ನಬೇಕು. ಒಂದು ಸಲ, ನಾನು ಆರು ವಾರ ಕೂತು ಬರೆದ ಹಾಡಿಗೆ, ಹದಿನಾರು ಜನ ಸಾಲಾಗಿ ಬಾಯಿ ಆಡಿಸಿದರು. ಒಬ್ಬರಿಂದಲೂ ಸದ್ದಿಲ್ಲ. ಪಾಪ, ಒಳ್ಳೆಯ ಜನ, ಮತ್ತೆ ಮತ್ತೆ ಪ್ರಯತ್ನಪಟ್ಟರು. ದೊರೆ ನೆಲದ ಮೇಲೆ ಬಿದ್ದು ಬಿದ್ದು ನಕ್ಕ. ನನಗೆ ಮೈಯೆಲ್ಲ ಉರಿದರೂ ಆ ಹಾಡನ್ನು ಅಲ್ಲೇ ಬಿಟ್ಟೆವು.

ಹಾಡುವುದಾದರೂ ಏನನ್ನು? ಮನಸ್ಸಿನಲ್ಲಿ ಇಲ್ಲದ್ದನ್ನು ಹಾಡಿದರೂ ದನಿ ಬರುವುದಿಲ್ಲ. ಬೇರೆ ಊರಿನ ಹಾಡುಗಾರರು ಪ್ರೇಮಕ್ಕೆ ಪ್ರಾಣ ಕೊಡುತ್ತೇನೆ ಎಂದು ಕಿರುಚುತ್ತಿದ್ದ ಕಾಲ ಅದು. ನಾವು ಬಾರದ ಬಸ್ಸಿನ ಮೇಲೆ ಹಾಡಿದೆವು, ಫ್ಲೋರಿ ಸುಟ್ಟ ಕೇಕಿನ ಮೇಲೆ ಹಾಡಿದೆವು, ಹೆಗಲ ಮೇಲೆ ಕರಗುವ ಐಸಿನ ಮೇಲೆ ಹಾಡಿದೆವು. ಹೊರಗೂರಿನ ಮೈದಾನಗಳಲ್ಲಿ ಜನ ಬಾಯಿ ತೆರೆದು ಕೇಳಿದರು. ದೊರೆ ಬಸ್ಸಿಗೆ ಕಾಯುವುದನ್ನು ಹಾಡಿದರೆ ಮೂರು ಮಕ್ಕಳ ತಾಯಂದಿರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕ್ಯಾಸೆಟ್ ಬಂತು, ಪೋಸ್ಟರ್ ಬಂತು, ನಮ್ಮ ಕೂದಲಿನ ಹಾಗೆ ಕ್ಷೌರ ಮಾಡಿಸುವ ಹುಡುಗರು ಬಂದರು. ಕ್ಯಾಸೆಟ್ಟಿನ ಮೇಲೆ ಯಾರ ಹೆಸರು ಮೊದಲು ಎಂದಾಗ ದೊರೆಯೇ "ಗುಂಡಗೆ ಬರಿಯೋ ತಿಪ್ಪೇಶಿ, ಬಳೆ ಥರ. ಮೊದಲು ಕೊನೆ ಇರಬಾರ್ದು" ಅಂದ. ಹಾಗೇ ಬರೆದೆ. ಆ ಹತ್ತು ವರ್ಷ ನನಗೆ ಯಾವ ದೇವರೂ ಬೇಕಿರಲಿಲ್ಲ.

ಆದರೂ ಹೊಟ್ಟೆಕಿಚ್ಚಿತ್ತು, ಇರಲಿಲ್ಲ ಎಂದು ಹೇಳಿದರೆ ನಿಮಗೆ ಕೇಳಿಸುವುದಿಲ್ಲ. ಮಾತು ಬರೆದವನು ನಾನು, ಜನ ಕೂಗುತ್ತಿದ್ದದ್ದು "ದೊರೆ! ದೊರೆ!" ಎಂದು. ವೇದಿಕೆಯ ಎಡಗಡೆ ಗಿಟಾರು ಹಿಡಿದು ನಿಂತು ಹತ್ತು ವರ್ಷ ಆ ಕೂಗು ಕೇಳಿದೆ. ಒಂದು ದಿನ, ಒಂದೇ ಒಂದು ದಿನ, ನಡುವಿನ ಮೈಕು ನನ್ನದಾಗಿದ್ದರೆ ಅನ್ನಿಸುತ್ತಿತ್ತು.

ಹತ್ತನೇ ವರ್ಷದ ಕಾರ್ಯಕ್ರಮ ನಮ್ಮೂರ ಮೈದಾನದಲ್ಲೇ ಆಯಿತು. ಅದಕ್ಕೆ ಎರಡು ತಿಂಗಳ ಮೊದಲಿನಿಂದ ದೊರೆಯ ದನಿ ಸ್ವಲ್ಪ ಒಡೆಯುತ್ತಿತ್ತು. ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ತಂದು ಗೋಡೆ ಕಡೆ ತಿರುಗಿ ಕುಡಿಯುತ್ತಿದ್ದ. ನಾನು ನೋಡಿದ್ದೆ. ನೋಡಿಯೂ ನೋಡದ ಹಾಗಿರುವುದು ನಮ್ಮೂರ ಮರ್ಯಾದೆ. ಅದೇ ದಿನಗಳಲ್ಲಿ ದೊಡ್ಡ ಪೇಟೆಯ ಕ್ಯಾಸೆಟ್ ಕಂಪನಿಯವನೊಬ್ಬ ಬಂದು ದೊರೆಯೊಬ್ಬನನ್ನೇ ಹೋಟೆಲಿಗೆ ಕರೆದುಕೊಂಡು ಹೋಗಿ ಮಾತಾಡಿದ್ದ. ನೀನೊಬ್ಬನೇ ಬಾ, ನಿನ್ನ ಹೆಸರಲ್ಲೇ ಹಾಡು ಎಂದು ಕರೆದನಂತೆ. ದೊರೆ ಬಂದು ನಮಗೆ ಎಲ್ಲ ಹೇಳಿ, ಹೋಗುವುದಿಲ್ಲ ಎಂದು ಹೇಳಿದೆ ಅಂದಿದ್ದ. ಒಡಕು ದನಿಯಲ್ಲೇ ಆದರೂ ಕೇಳಿಸಿತ್ತು.

ಅವತ್ತು ಸಂಜೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಕೊನೆಯ ಹಾಡು ಯಾವಾಗಲೂ ಒಂದೇ. 'ನಾವು ನಾಲ್ವರು, ನಮ್ಮದೊಂದೇ ದಾರಿ' ಎಂದು ಅದರ ಮೊದಲ ಸಾಲು. ಖಲಂದರ್ ನಾಲ್ಕು ಪೆಟ್ಟು ಕೊಟ್ಟ, ದೊರೆ ಮೈಕಿಗೆ ಬಾಯಿ ಇಟ್ಟ. ತುಟಿ ಆಡಿತು. ಏನೂ ಬರಲಿಲ್ಲ. ಇನ್ನೊಮ್ಮೆ ಹಾಡಿದ, ಬರಲಿಲ್ಲ. ಹಿಂದಿನಿಂದ ಯಾರೋ ಒಬ್ಬ "ಸುಳ್ಳ!" ಎಂದು ಕೂಗಿದ. ದೊರೆ ನನ್ನ ಕಡೆ ತಿರುಗಿ ಗಂಟಲು ಮುಟ್ಟಿ ತೋರಿಸಿದ. ಅಷ್ಟು ಹೊತ್ತಿಗೆ ನಾನು ನಡುವಿನ ಮೈಕಿಗೆ ಬಂದಾಗಿತ್ತು. ಆ ಸಾಲನ್ನು ನಾನೇ ಎತ್ತಿಕೊಂಡೆ. ನನ್ನ ದನಿ ಬಂತು, ಕಂಚಿನ ಹಾಗೆ ಬಂತು. ಜನ ಹುಚ್ಚೆದ್ದು ಕೂಗಿದರು, ಮೊದಲ ಸಲ ನನ್ನ ಹೆಸರನ್ನು.

ಮಾರನೆಯ ದಿನ ಶೆಡ್ಡಿನಲ್ಲಿ ನಾವು ಮೂವರೂ ಅವನನ್ನು ಎದುರು ಕೂರಿಸಿಕೊಂಡೆವು. "ಕಂಪನಿಯವನ ಹತ್ರ ಹೋಗ್ತಿದ್ದೀಯೇನೋ?" ಎಂದು ಕೇಳಿದೆ. 'ಇಲ್ಲ' ಎಂದು ತುಟಿ ಆಡಿತು, ಸದ್ದಿಲ್ಲ. "ನಮ್ಮನ್ನ ಬಿಟ್ಟು ಹೋಗಲ್ಲ ಅನ್ನು ನೋಡೋಣ" ಅಂದ ಖಲಂದರ್. ದೊರೆ ಹೇಳಿದ, ಹತ್ತು ಸಲ ಹೇಳಿದ, ಕತ್ತಿನ ನರ ಉಬ್ಬುವ ಹಾಗೆ ಹೇಳಿದ. ಒಂದು ಅಕ್ಷರವೂ ಕೇಳಿಸಲಿಲ್ಲ. ನಿನ್ನ ಹೆಸರು ಹೇಳು ನೋಡೋಣ ಎಂದು ಮಾತ್ರ ನಾವು ಯಾರೂ ಕೇಳಲಿಲ್ಲ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು ನಮ್ಮೂರಿನವರಿಗೆ? ಖಲಂದರ್ ಎದ್ದು ಹೋದ. ಫ್ಲೋರಿ ಮಾತ್ರ "ಸ್ವಲ್ಪ ದಿನ ನೋಡೋಣ ಕಣೋ" ಅಂದಳು. ನೋಡುವುದೇನು ಬಂತು, ಮುಂದಿನ ವಾರವೇ ಇನ್ನೊಂದು ಊರಿನಲ್ಲಿ ಕಾರ್ಯಕ್ರಮ ಇದೆ ಎಂದು ನಾನು ಅವಸರ ಮಾಡಿದೆ.

ಮೂರನೇ ದಿನ ದೊರೆಯ ತಾಯಿ ನನ್ನ ಅಂಗಡಿಗೆ ಬಂದು ಮಾತಾಡದೆ ಒಂದು ಚೀಟಿ ಕೊಟ್ಟು ಹೋದರು. 'ತಿಪ್ಪೇಶಿ, ಹೋಗಿರೋದು ಗಂಟಲು ಕಣೋ, ಮನಸ್ಸಲ್ಲ. ಗಡ್ಡೆ ಆಗಿದೆಯಂತೆ. ಆಪರೇಷನ್ನಿಗೆ ಹೊರಟಿದ್ದೀನಿ. ಫ್ಲೋರಿಗೂ ಖಲಂದರ್‌ಗೂ ಹೇಳು. ನಾನು ಬರೋವರೆಗೂ ಕಾಯಿರಿ.' ಬರೆದದ್ದನ್ನು ನಂಬುವುದು ಹೇಗೆ, ಅದೂ ದಿನಾ ಗೋಡೆಗೆ ಸುಳ್ಳು ಬರೆಯುವ ನಾನು? ಹಾಗೆಂದು ಮನಸ್ಸಿಗೆ ಹೇಳಿಕೊಂಡು ಚೀಟಿಯನ್ನು ಮಡಿಸಿ, ಬೋರ್ಡಿನ ಬಟ್ಟೆಗೆ ಹಚ್ಚುವ ಅಂಟು ಕುದಿಯುತ್ತಿದ್ದ ಒಲೆಗೆ ಹಾಕಿದೆ. ಸಂಜೆ ಫ್ಲೋರಿ ಬಂದು "ದೊರೆ ಏನಾದ್ರೂ ಹೇಳಿದ್ನಾ?" ಎಂದು ಕೇಳಿದಳು. ನಮ್ಮೂರಲ್ಲಿ ಸುಳ್ಳು ಹೇಳಲು ಬಾರದು, ಆದರೆ ನಿಜವನ್ನೇ ಹೇಳಿ ಮೋಸ ಮಾಡುವುದು ಎಲ್ಲರಿಗೂ ಬರುತ್ತದೆ. "ಅವನ ಬಾಯಿಂದ ಒಂದು ಮಾತೂ ಬಂದಿಲ್ಲ ಫ್ಲೋರಿ" ಅಂದೆ. ಸ್ಪಷ್ಟವಾಗಿ ಕೇಳಿಸಿತು. ಅವಳು ನಂಬಿದಳು.

ಆಮೇಲೆ ನಡುವಿನ ಮೈಕು ನನ್ನದಾಯಿತು. ಮೊದಲ ಕಾರ್ಯಕ್ರಮದಲ್ಲೇ 'ನಾವು ನಾಲ್ವರು' ಹಾಡಲು ಹೋದರೆ ದನಿ ಬರಲಿಲ್ಲ, ಮೂರೇ ಜನ ಇದ್ದೆವಲ್ಲ. ಆ ಹಾಡನ್ನು ಬಿಟ್ಟೆವು. ಆಮೇಲೆ ಬಸ್ಸಿನ ಹಾಡು ಬಾಯಿಗೆ ಬರದಾಯಿತು, ಆಮೇಲೆ ಐಸಿನದು. ಒಂದೊಂದೇ ಬಿಡುತ್ತಾ ಬಿಡುತ್ತಾ ಒಂದೂವರೆ ವರ್ಷಕ್ಕೆ ಕೇಕಿನ ಹಾಡೊಂದೇ ಉಳಿಯಿತು. ಒಂದು ಕೇಕಿನ ಮೇಲೆ ಬ್ಯಾಂಡು ನಡೆಯುತ್ತದೆಯೇ? ಫ್ಲೋರಿ ಬೇಕರಿ ಇಟ್ಟಳು, ಖಲಂದರ್ ಲಾರಿ ಓಡಿಸಿದ, ನಾನು ಬೋರ್ಡಿಗೆ ಮರಳಿದೆ. ದೊರೆ ಊರಿಗೆ ಬರಲಿಲ್ಲ. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು, ಹೊಳೆಯಾಚೆಯ ಪೇಟೆಯಲ್ಲಿದ್ದಾನೆ ಎಂದು ಅವನ ತಾಯಿ ಸಾಯುವ ಮುಂಚೆ ನನಗೊಬ್ಬನಿಗೇ ಹೇಳಿದ್ದರು. ಮೂರು ವರ್ಷದ ಹಿಂದೆ ಖಲಂದರ್ ತೀರಿಕೊಂಡಾಗ ದೊರೆ ಬಂದು ಕತ್ತಿಗೆ ಮಫ್ಲರ್ ಸುತ್ತಿಕೊಂಡು ಖಬರಸ್ತಾನದ ಗೇಟಿನ ಆಚೆ ನಿಂತಿದ್ದ. ಫ್ಲೋರಿ ಮುಖ ತಿರುಗಿಸಿದಳು. ನಾನು ಇನ್ನೊಂದು ಬಾಗಿಲಿನಿಂದ ಹೊರಗೆ ಹೋದೆ.

ಭಾಷಣದ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಫ್ಲೋರಿ ಒಳ್ಳೆಯ ಸೀರೆ ಉಟ್ಟು ಕೂತಿದ್ದಳು. ದಿನಾ ಒಂದೇ ಹೊತ್ತಿಗೆ ಸೇರಿ ಅನ್ನುವ ಪಾಠ ಓದಿ ಎರಡೂವರೆ ಗಂಟೆಯ ಶೆಡ್ಡಿನ ಕಥೆ ಹೇಳಿದೆ, ಚೆನ್ನಾಗಿ ಕೇಳಿಸಿತು. ಹೆಸರಿನಲ್ಲಿ ಮೇಲುಕೀಳು ಬೇಡ ಅನ್ನುವುದಕ್ಕೆ ಬಳೆಯಂತೆ ಬರೆದ ಹೆಸರುಗಳ ಕಥೆ ಬಂತು. ಸರಕನ್ನು ಮೊದಲು ಹತ್ತಿರದವರಿಗೆ ತೋರಿಸಿ ಅನ್ನುವಲ್ಲಿ ಹದಿನಾರು ಹಮಾಲರು ಬಾಯಿ ಆಡಿಸಿದ್ದನ್ನು ಅಭಿನಯಿಸಿ ತೋರಿಸಿದೆ, ಹುಡುಗರು ಬೆಂಚು ಕುಟ್ಟಿ ನಕ್ಕರು. 'ಸೋಲನ್ನು ನಗುನಗುತ್ತಾ ಸ್ವೀಕರಿಸಿ' ಅನ್ನುವ ಐದನೇ ಪಾಠ ನನ್ನ ಬಾಯಿಂದ ಹೊರಡಲಿಲ್ಲ. "ಇದನ್ನ ನಾನು ನಂಬಲ್ಲಮ್ಮ, ಭೂಮಿಕಾ" ಅಂದೆ, ಆಗಂತೂ ಸಭೆಯೇ ಕುಲುಕಿತು. ನನಗೂ ಬಹಳ ಖುಷಿಯಾಗಿತ್ತು, ಎಷ್ಟೋ ವರ್ಷದ ಮೇಲೆ ಮೈಕಿನ ಮುಂದೆ ನಿಂತಿದ್ದೆ.

ಆರನೆಯದು ಹೀಗಿತ್ತು: 'ನಂಬಿಕೆ ಕೆಡಿಸಿದ ಪಾಲುದಾರನನ್ನು ತಡಮಾಡದೆ ಬಿಟ್ಟುಬಿಡಿ. ಗುಡುಗು ಬ್ರದರ್ಸ್ ಮಾಡಿದ್ದೂ ಅದನ್ನೇ.' ಓದಿದೆ. ಸದ್ದಿಲ್ಲ. ಜನ ಇದೂ ತಮಾಷೆಯೇ ಎಂದು ನಕ್ಕರು. ಇನ್ನೊಮ್ಮೆ ಓದಿದೆ. ನಗು ನಿಂತಿತು, ಏಕೆಂದರೆ ದೊರೆಯ ಕಥೆ ಊರಿಗೆಲ್ಲ ಗೊತ್ತು. ಮೈಕಿನವನು ಬಂದು ವೈರು ಅಲ್ಲಾಡಿಸಿ ನೋಡಿದ. "ದೊರೆ ಮೋಸ ಮಾಡಿದ" ಎಂದು ಹೇಳಿ ನೋಡಿದೆ, ತುಟಿ ಆಡಿತು ಅಷ್ಟೇ. ಕೊನೆಗೆ, ಮೂವತ್ತೊಂದು ವರ್ಷ ಮನಸ್ಸಿನೊಳಗೆ ಹೇಳಿಕೊಂಡಿದ್ದ ಮಾತನ್ನು ಬಾಯಿಗೆ ತಂದುಕೊಂಡೆ. "ಅವನ ಗಂಟಲು ಕೆಟ್ಟಿದ್ದು ಅಂತ ನನಗೆ ಅವತ್ತು ಗೊತ್ತಿರಲಿಲ್ಲ" ಅಂದೆ. ಅಂದೆ ಎಂದು ನಾನೇ ಹೇಳಬೇಕು, ಯಾರಿಗೂ ಏನೂ ಕೇಳಿಸಲಿಲ್ಲ. ನನಗೂ ಕೇಳಿಸಲಿಲ್ಲ.

ಕಾಗದ ಕೆಳಗಿಟ್ಟು "ಗೊತ್ತಿತ್ತು" ಅಂದೆ. ಆ ಮಾತು ಸಭಾಂಗಣದ ಕೊನೆಯ ಗೋಡೆಯವರೆಗೂ ಹೋಯಿತು. ಕಷಾಯದ ಫ್ಲಾಸ್ಕು ನೋಡಿದ್ದು, ಚೀಟಿ ಬಂದದ್ದು, ಸುಟ್ಟದ್ದು, ನಡುವಿನ ಮೈಕಿಗೆ ಆಸೆಪಟ್ಟದ್ದು, ದನಿ ಕಳೆದುಕೊಂಡ ಅವನು ಹೊಳೆಯಾಚೆಯ ಪೇಟೆಯಲ್ಲಿರುವುದು, ಎಲ್ಲವನ್ನೂ ಹೇಳಿದೆ. ಒಂದು ಮಾತೂ ನುಂಗಿಹೋಗಲಿಲ್ಲ. "ಇದರಿಂದ ವ್ಯಾಪಾರಕ್ಕೆ ಏನು ಕಲೀಬೇಕೋ ನನಗೆ ಗೊತ್ತಿಲ್ಲ ಕಂದಾ. ಜೊತೆಯವರ ದನಿ ನಿಂತಾಗ ಗಂಟಲಿಗೆ ಒಂದಿಷ್ಟು ಬಿಸಿನೀರು ಕೊಟ್ಟು ನೋಡಿ, ಅಷ್ಟೇ" ಅಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಭೂಮಿಕಾ ಎದ್ದು ಪಕ್ಕದಲ್ಲಿದ್ದ ಬ್ಯಾಗ್ ವ್ಯಾಪಾರದ ಗೆಳತಿಯ ಕೈಹಿಡಿದು ಹೊರಗೆ ಕರೆದುಕೊಂಡು ಹೋದಳು. ಅವರಿಬ್ಬರ ನಡುವೆ ಏನಿತ್ತೋ ನನಗೆ ತಿಳಿಯದು.

ಫ್ಲೋರಿ ಎಲ್ಲರೂ ಹೋಗುವವರೆಗೂ ಕೂತಲ್ಲೇ ಕೂತಿದ್ದಳು. "ನಾನು ಅವನಿಗೆ ಒಂದು ದಿನ ಬ್ರೆಡ್ಡು ಕಟ್ಟಿಕೊಂಡು ಹೋಗಿ ಕೊಡ್ಲಿಲ್ಲ ತಿಪ್ಪೇಶಿ. ಖಲಂದರ್ ಮಣ್ಣಿಗೆ ಬಂದವನಿಗೆ ಬೆನ್ನು ತೋರಿಸ್ದೆ. ಖಲಂದರ್ ಅವನನ್ನ ಬೈಕೊಂಡೇ ಸತ್ತ. ನಮ್ಮಿಬ್ಬರ ಕೈಲೂ ಪಾಪ ಮಾಡಿಸ್ಬಿಟ್ಟೆ ನೀನು" ಅಂದಳು. "ಹೌದು" ಅಂದೆ. "ಹೌದಂತೆ! ನಾಚಿಕೆ ಆಗಲ್ವೇನೋ ನಿಂಗೆ?" "ಆಗುತ್ತೆ." ಅದೂ ಕೇಳಿಸಿತು. ಅವಳು ಬಹಳ ಹೊತ್ತು ಮೂಗು ಒರೆಸಿಕೊಂಡಳು. ಆಮೇಲೆ "ಹೊಳೆಯಾಚೆಗೆ ಬೆಳಗ್ಗೆ ಎಂಟರ ಬಸ್ಸಿದೆ. ನಾನಂತೂ ಹೋಗ್ತೀನಿ. ನಿಂಗೆ ಮುಖ ಇದ್ರೆ ಬಾ" ಅಂದಳು.

ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ನನಗೆ ಒಂದೇ ಯೋಚನೆ. ಅವನು ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ. ಆದರೆ ಒಂದು ವೇಳೆ ಕ್ಷಮಿಸಿದರೆ ಆ ಮಾತು ನಿಜವೋ ಅಲ್ಲವೋ ನನಗೆ ತಿಳಿಯುವುದು ಹೇಗೆ? ನಮ್ಮೂರಲ್ಲಿ ಹುಟ್ಟಿದವನಿಗೆ ಸದ್ದಿಲ್ಲದ ಮಾತನ್ನು ನಂಬಿ ಗೊತ್ತಿಲ್ಲ. ಹಾಲು ಕುಡಿಯುವ ಕಾಲದಿಂದ ಆಡುವ ತುಟಿಗೆ ಸದ್ದಿಲ್ಲದಿದ್ದರೆ ಸುಳ್ಳು ಎಂದು ಕಲಿತ ಕಿವಿ ಇದು. ಅವನ ಗಂಟಲಿನಲ್ಲಿ ಇನ್ನು ಸದ್ದೇ ಇಲ್ಲವಲ್ಲ.

ಹೊಳೆಯಾಚೆಯ ಪೇಟೆಯ ಬಸ್ ನಿಲ್ದಾಣದಲ್ಲಿ ಅವನದೊಂದು ಜ್ಯೂಸ್ ಅಂಗಡಿ. ಮೂರು ಮಿಕ್ಸಿಗಳು ಒಟ್ಟಿಗೆ ಕಿರುಚುತ್ತಿದ್ದವು. ಗಿರಾಕಿಗಳು ಹಣ್ಣಿನ ಕಡೆ ಬೆರಳು ತೋರಿಸುತ್ತಿದ್ದರು, ಅವನು ತಲೆಯಾಡಿಸಿ ಹೆಚ್ಚುತ್ತಿದ್ದ, ಮಾತಿನ ಅವಶ್ಯಕತೆಯೇ ಇರಲಿಲ್ಲ. ತಲೆ ಪೂರ್ತಿ ನರೆತಿತ್ತು. ಕತ್ತಿಗೆ ಅಚ್ಚ ಬಿಳಿಯ ಕರ್ಚೀಫು ಕಟ್ಟಿದ್ದ. ನಮ್ಮನ್ನು ನೋಡಿ ಕೈಯಲ್ಲಿದ್ದ ಚಾಕು ಕೆಳಗಿಟ್ಟ. ಒಂದೊಂದೇ ಮಿಕ್ಸಿ ಆರಿಸಿದ. ಫ್ಲೋರಿ ಅಂಗಡಿಯ ಮುಂದಿನ ಹಲಗೆಯನ್ನು ಸುತ್ತಿ ಒಳಗೆ ಹೋಗಿ ಅವನ ಎದೆಗೆ ಹಣೆ ಒತ್ತಿ "ತಪ್ಪಾಯ್ತು ಕಣೋ, ನಂಗೊತ್ತಿರ್ಲಿಲ್ಲ, ನಂಗೊತ್ತಿರ್ಲಿಲ್ಲ" ಎಂದು ಅತ್ತಳು. ಅವಳ ಪ್ರತಿ ಮಾತೂ ಬೀದಿಗೆಲ್ಲ ಕೇಳುವಂತೆ ಬಂತು. ಅವನು ಅವಳ ತಲೆ ಸವರಿ ನನ್ನ ಕಡೆ ನೋಡಿದ.

"ನನಗೆ ಗೊತ್ತಿತ್ತು ದೊರೆ. ಚೀಟಿ ಓದಿದ್ದೆ. ನಂಬಿಯೂ ಇದ್ದೆ. ನಿನ್ನ ಮೈಕು ಬೇಕಾಗಿತ್ತು ನಂಗೆ" ಅಂದೆ. ಅವನೂ ನಮ್ಮೂರಿನವನೇ, ಕೇಳಿಸಿದ್ದಕ್ಕೆಲ್ಲ ಅರ್ಥ ಅವನಿಗೆ ಗೊತ್ತು. ಅವನ ಕಣ್ಣು ಕೆಂಪಾಯಿತು. ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಗ್ಗಿ ನಿಂತ, ಅವನ ಹೆಗಲು ಅಲುಗುತ್ತಿತ್ತು. ಮಾವಿನ ಜ್ಯೂಸಿಗೆ ಕಾಯುತ್ತಿದ್ದ ಗಿರಾಕಿಯೊಬ್ಬ ಮೆಲ್ಲನೆ ಅಲ್ಲಿಂದ ಜಾರಿಕೊಂಡ. ನಾನೂ ಹೊರಟುಬಿಡೋಣ ಎಂದುಕೊಂಡೆ, ಆದರೂ ಅಲ್ಲೇ ನಿಂತೆ.

ಆಮೇಲೆ ಅವನು ತಲೆಯೆತ್ತಿದ. ಸೋರುತ್ತಿದ್ದ ಮೂಗನ್ನು ತೋಳಿಗೆ ಒರೆಸಿಕೊಂಡ, ಶೆಡ್ಡಿನಲ್ಲಿ ಒರೆಸಿಕೊಳ್ಳುತ್ತಿದ್ದ ಹಾಗೇ. ತುಟಿ ಆಡಿತು. ನನಗೆ ಅರ್ಥವಾಗಲಿಲ್ಲವೇನೋ ಎಂದುಕೊಂಡು ಹಲಗೆಯ ಮೇಲಿದ್ದ ಪೆನ್ನಿಗೆ ಕೈ ಚಾಚಿದ. ನಾನು ಆ ಕೈ ಹಿಡಿದುಕೊಂಡೆ. "ಬರೀಬೇಡ ಮಾರಾಯ. ಹೇಳು. ಇನ್ನೊಂದ್ಸಲ ಹೇಳು" ಅಂದೆ.

ಅವನು ಮಕ್ಕಳಿಗೆ ಹೇಳುವಂತೆ ನಿಧಾನವಾಗಿ, ಒಂದೊಂದೇ ಅಕ್ಷರವಾಗಿ, ನನ್ನ ಮುಖವನ್ನೇ ನೋಡುತ್ತಾ ಇನ್ನೊಮ್ಮೆ ಹೇಳಿದ. 'ಸಿಟ್ಟಿಲ್ಲ ಕಣೋ.' ಗಾಳಿಯಷ್ಟೂ ಸದ್ದಿಲ್ಲ.

"ಕೇಳಿಸ್ತು" ಅಂದೆ. ನನ್ನ ದನಿ ಬಂತು. ಫ್ಲೋರಿ ಥಟ್ಟನೆ ತಿರುಗಿ ನನ್ನ ಮುಖ ನೋಡಿದಳು, ಆ ಮಾತು ಅವಳಿಗೂ ಸ್ಪಷ್ಟವಾಗಿ ಕೇಳಿಸಿತ್ತು.